ಕಾರು ಡೀಲರ್‌ಷಿಪ್ ಒಪ್ಪಂದದ ರದ್ದತಿ: ಕಾನೂನಿನ ನಿಯಮಗಳು

ನಮ್ಮಲ್ಲಿ ಕಲಿತ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಎರಡು ಪುಟಗಳ ಇಂಗ್ಲಿಷ್ ಪತ್ರವೊಂದನ್ನು ಹಿಡಿದು ನಮ್ಮ ಬಳಿಗೆ ಬಂದರು. ಮೂವತ್ತು ದಿನಗಳಲ್ಲಿ ಅವರ ಡೀಲರ್‌ಷಿಪ್ ಕೊನೆಗೊಳ್ಳುವುದೆಂಬುದು ಅದರ ಸಾರ, ಕಾರಣವನ್ನು ತಿಳಿಸಿರಲಿಲ್ಲ. ಮಳಿಗೆಯ ಮೇಲೆ ಬ್ಯಾಂಕ್ ಸಾಲವಿತ್ತು, ಹನ್ನೊಂದು ಮಂದಿ ನೌಕರರಿದ್ದರು. ರದ್ದತಿಗೆ ಅವಕಾಶ ನೀಡುವ ಷರತ್ತು ಅವರೇ ಸಹಿ ಮಾಡಿದ ಒಪ್ಪಂದದಲ್ಲಿಯೇ ಇತ್ತು. ಅದನ್ನು ಅವರು ಮೊದಲ ಬಾರಿಗೆ ಓದಿದ್ದು ಪತ್ರ ಬಂದ ಮೇಲೆ. ಗಡಿನಾಡಿನಲ್ಲಿ ವ್ಯಾಪಾರ ನಡೆಸುವ ಇತರರಿಗೂ ಉಪಯೋಗವಾದೀತೆಂದು ಈ ವಿಷಯದ ಕಾನೂನನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಪ್ರತ್ಯೇಕ ಕಾಯ್ದೆ ಇಲ್ಲ

ಭಾರತದಲ್ಲಿ ವಾಹನ ಡೀಲರ್‌ಗಳ ರಕ್ಷಣೆಗೆಂದೇ ರೂಪಿಸಿದ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯೇ ಮುಖ್ಯ ಆಧಾರ. 2017ರಲ್ಲಿ ಜನರಲ್ ಮೋಟಾರ್ಸ್ ಭಾರತದಲ್ಲಿ ಕಾರು ಮಾರಾಟವನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿನ ಉತ್ಪಾದನೆಗೆ ವಿದಾಯ ಘೋಷಿಸಿತು. ಹೂಡಿಕೆ ಮಾಡಿ ಕುಳಿತಿದ್ದ ಡೀಲರ್‌ಗಳು ಸಂಕಷ್ಟಕ್ಕೆ ಸಿಲುಕಿದರು. ಡೀಲರ್‌ಗಳ ಒಕ್ಕೂಟವಾದ ‘ಫಾಡಾ’ ಫ್ರಾಂಚೈಸಿ ರಕ್ಷಣಾ ಕಾಯ್ದೆಗಾಗಿ ಒತ್ತಾಯಿಸುತ್ತ ಬಂದಿದೆ.

ಅಮೆರಿಕದ ಸ್ಥಿತಿ ಬೇರೆ. ಡೀಲರ್‌ನೊಡನೆ ಸದ್ಭಾವನೆಯಿಂದ ನಡೆದುಕೊಳ್ಳದ ತಯಾರಕನಿಂದ ನಷ್ಟ ಪರಿಹಾರ ಕೇಳುವ ಹಕ್ಕನ್ನು ಅಲ್ಲಿನ 1956ರ ಒಕ್ಕೂಟ ಕಾಯ್ದೆ ನೀಡಿದೆ. ಸಕಾರಣವಿಲ್ಲದೆ ರದ್ದು ಮಾಡಬಾರದೆಂದು ಹಲವು ರಾಜ್ಯಗಳ ಕಾನೂನುಗಳೂ ವಿಧಿಸುತ್ತವೆ. ಆದರೆ ಆ ರಕ್ಷಣೆಗೂ ಮಿತಿಯುಂಟು: 2009ರಲ್ಲಿ ಕ್ರೈಸ್ಲರ್ ಕಂಪನಿಯು ದಿವಾಳಿ ಪ್ರಕ್ರಿಯೆಯ ಮೂಲಕ 789 ಡೀಲರ್‌ಗಳ ಒಪ್ಪಂದವನ್ನು ಕಳಚಿಕೊಂಡಿತು.

ರದ್ದತಿಯ ಎರಡು ಬಗೆ

ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಎರಡು ಷರತ್ತುಗಳಿರುತ್ತವೆ. ಮೊದಲನೆಯದು ಸಕಾರಣ ರದ್ದತಿ: ಹಣ ಬಾಕಿ, ಮಾರಾಟದ ಗುರಿ ತಲುಪದಿರುವುದು, ಅನುಮತಿಯಿಲ್ಲದೆ ಮಾಲೀಕತ್ವ ಬದಲಿಸುವುದು ಇತ್ಯಾದಿ. ಎರಡನೆಯದು ಕಾರಣ ಹೇಳದೆ, ನಿಗದಿತ ದಿನಗಳ ನೋಟಿಸ್ ಮಾತ್ರ ಕೊಟ್ಟು ಮಾಡುವ ರದ್ದತಿ. ಹೆಚ್ಚು ನೋವು ಕೊಡುವುದು ಈ ಎರಡನೆಯದೇ.

ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವೀಸ್ ನಡುವಣ ಪ್ರಕರಣ ಅಡುಗೆ ಅನಿಲ ವಿತರಣೆಗೆ ಸಂಬಂಧಿಸಿದ್ದಾದರೂ, ಡೀಲರ್‌ಷಿಪ್ ವ್ಯಾಜ್ಯಗಳಲ್ಲಿ ಅದನ್ನೇ ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ರದ್ದತಿ ನ್ಯಾಯಬದ್ಧವಲ್ಲವೆಂದು ಮಧ್ಯಸ್ಥಗಾರ ತೀರ್ಮಾನಿಸಿದ್ದರು. ಆದರೂ ಮೂವತ್ತು ದಿನಗಳ ನೋಟಿಸ್ ನೀಡಿ ಯಾವ ಪಕ್ಷವಾದರೂ ಮುಕ್ತಾಯಗೊಳಿಸಬಹುದಾದ ಒಪ್ಪಂದವನ್ನು ಪುನಃಸ್ಥಾಪಿಸಲಾಗದು, ಆ ಮೂವತ್ತು ದಿನಗಳ ಗಳಿಕೆಯಷ್ಟೇ ಪರಿಹಾರ ಎಂದು ಸುಪ್ರೀಂ ಕೋರ್ಟ್ ಹೇಳಿತು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೆಯ ಕಲಮು 2018ರ ತಿದ್ದುಪಡಿಯ ನಂತರವೂ ಇದೇ ನಿಲುವನ್ನು ಉಳಿಸಿಕೊಂಡಿದೆ. ಆದ್ದರಿಂದ ನೋಟಿಸ್ ಅವಧಿ ಎಷ್ಟೆಂಬುದು ಒಪ್ಪಂದದ ಅತಿ ಬೆಲೆಬಾಳುವ ಸಾಲು.

ಡೀಲರ್‌ಗೆ ಉಳಿಯುವ ಹಕ್ಕುಗಳು

ಒಪ್ಪಂದ ಭಂಗವಾದರೆ ಕರಾರು ಕಾಯ್ದೆಯ 73ನೆಯ ಕಲಮಿನಡಿ ನಷ್ಟ ಪರಿಹಾರ ಕೇಳಬಹುದು; ಆದರೆ ನಷ್ಟವನ್ನು ತಗ್ಗಿಸಲು ತಾನೇನು ಮಾಡಿದೆನೆಂಬುದನ್ನು ಡೀಲರ್ ತೋರಿಸಬೇಕಾಗುತ್ತದೆ. ಭಂಗದ ಹೆಸರಿನಲ್ಲಿ ಭದ್ರತಾ ಠೇವಣಿಯನ್ನು ಮನಬಂದಂತೆ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. 74ನೆಯ ಕಲಮಿನಡಿ ಸಿಗುವುದು ಯುಕ್ತ ಪರಿಹಾರ ಮಾತ್ರವೆಂದು 2015ರ ಕೈಲಾಶ್‌ನಾಥ್ ತೀರ್ಪು ಸ್ಪಷ್ಟಪಡಿಸಿದೆ. ಒಪ್ಪಂದ ಮುಗಿದ ಮೇಲೆ ಬೇರೆ ಕಂಪನಿಯ ಕಾರು ಮಾರಬಾರದೆಂಬ ನಿರ್ಬಂಧ 27ನೆಯ ಕಲಮಿನಂತೆ ಸಾಮಾನ್ಯವಾಗಿ ಅಸಿಂಧು. ಒಪ್ಪಂದ ಜಾರಿಯಲ್ಲಿರುವಾಗಿನ ನಿರ್ಬಂಧಕ್ಕೆ ಈ ಮಾತು ಅನ್ವಯಿಸದು. ಉಳಿದ ಕಾರುಗಳು, ಬಿಡಿಭಾಗಗಳು, ವಿಶೇಷ ಉಪಕರಣಗಳನ್ನು ಕಂಪನಿ ಮರಳಿ ಕೊಳ್ಳಬೇಕೆಂಬ ಸಾಮಾನ್ಯ ನಿಯಮವಿಲ್ಲ. ಅದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.

ಎಲ್ಲಿ ದೂರಬೇಕು?

ಗಡಿನಾಡಿನವರಿಗೆ ತೊಡಕಾಗುವುದು ಇಲ್ಲಿಯೇ. ‘ಇಂತಹ ನಗರದ ನ್ಯಾಯಾಲಯಕ್ಕೆ ಅಧಿಕಾರ’ ಎಂದು ಒಪ್ಪಂದದಲ್ಲಿದ್ದರೆ, ‘ಮಾತ್ರ’ ಎಂಬ ಪದವಿರದಿದ್ದರೂ ಇತರ ನ್ಯಾಯಾಲಯಗಳನ್ನು ಹೊರಗಿಟ್ಟಂತೆಯೇ ಎಂದು 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ನಗರಕ್ಕೆ ಕಾನೂನಿನಂತೆ ಅಧಿಕಾರವಿರಬೇಕಷ್ಟೆ. ಕಾಸರಗೋಡಿನ ಡೀಲರ್ ದೆಹಲಿಗೆ ಅಲೆಯಬೇಕಾಗಿ ಬರಬಹುದು. ಮಧ್ಯಸ್ಥಿಕೆಯ ಷರತ್ತಿದ್ದರೆ 1996ರ ಕಾಯ್ದೆಯ 9ನೆಯ ಕಲಮಿನಡಿ ತಾತ್ಕಾಲಿಕ ರಕ್ಷಣೆ ಕೇಳಬಹುದು. ಫಲಿತಾಂಶದಲ್ಲಿ ಆಸಕ್ತಿಯುಳ್ಳ ಕಂಪನಿಯ ಅಧಿಕಾರಿ ಏಕಪಕ್ಷೀಯವಾಗಿ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲವೆಂದು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳುತ್ತದೆ. ಆ ಷರತ್ತಿಲ್ಲದಿದ್ದರೆ, ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಪರಿಹಾರ ಕೇಳದಿದ್ದಲ್ಲಿ ಮೊದಲು ಸಂಧಾನ ಕಡ್ಡಾಯ. ದಾವೆಗೆ ಕಾಲಮಿತಿ ಒಪ್ಪಂದ ಭಂಗದ ದಿನದಿಂದ ಸಾಮಾನ್ಯವಾಗಿ 3 ವರ್ಷ.

ಕಾರು ಕೊಂಡ ಗ್ರಾಹಕನ ಪಾಡು ಮೇಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಡೀಲರ್ ಮಳಿಗೆ ಮುಚ್ಚಿದರೂ ತಯಾರಕ ಕೊಟ್ಟ ವಾರಂಟಿಯ ಹೊಣೆ ತಯಾರಕನದೇ.

ಭಾಷೆಯ ಮಾತು

ಸಂವಿಧಾನದ 350ನೆಯ ವಿಧಿಯಂತೆ ನಮ್ಮ ಅಹವಾಲನ್ನು ಸರ್ಕಾರಿ ಅಧಿಕಾರಿಗೆ ಕನ್ನಡದಲ್ಲಿ ಸಲ್ಲಿಸುವ ಹಕ್ಕು ನಮಗಿದೆ. ಖಾಸಗಿ ಒಪ್ಪಂದಕ್ಕೆ ಆ ವಿಧಿ ಒದಗುವುದಿಲ್ಲ. ‘ಇಂಗ್ಲಿಷ್ ಓದಲಿಲ್ಲ’ ಎಂಬ ಮಾತು ಮಾತ್ರದಿಂದ ಸಹಿಯ ಭಾರ ಇಳಿಯುವುದೂ ಇಲ್ಲ. ಆದ್ದರಿಂದ ಸಹಿಗೆ ಮುನ್ನ ನೋಟಿಸ್ ಅವಧಿ, ದಾಸ್ತಾನಿನ ಮರುಖರೀದಿ, ಠೇವಣಿಯ ವಾಪಸಾತಿ, ನ್ಯಾಯಾಲಯದ ಸ್ಥಳ – ಈ ನಾಲ್ಕನ್ನು ವಕೀಲರಿಂದ ಕನ್ನಡದಲ್ಲಿ ವಿವರಿಸಿಕೊಳ್ಳಿರಿ. ಕಂಪನಿಯ ಬಾಯಿಮಾತಿನ ಭರವಸೆಗಳನ್ನು ಇಮೇಲ್ ಮೂಲಕ ದೃಢಪಡಿಸಿಕೊಳ್ಳಿರಿ. ನೋಟಿಸ್ ಬಂದರೆ ತಡಮಾಡದೆ ಲಿಖಿತ ಉತ್ತರ ಕೊಡಿರಿ. ಬ್ಯಾಂಕಿಗೂ ನೌಕರರಿಗೂ ವಿಷಯ ತಿಳಿಸಿರಿ.

ನಮ್ಮ ವಿದ್ಯಾರ್ಥಿಗೆ ಡೀಲರ್‌ಷಿಪ್ ಮರಳಿ ಸಿಗಲಿಲ್ಲ. ಇಮೇಲ್‌ಗಳನ್ನು ಕಾಪಿಟ್ಟಿದ್ದರಿಂದ ಠೇವಣಿ ಮಾತ್ರ ಸಿಕ್ಕಿತು. ನೌಕರರ ಬಾಕಿ ಸಂಬಳ ಅದರಿಂದಲೇ ತೀರಿತು.