ಕಪ್ಪು ನಾಲಿಗೆಯ ನಾಯಿಗಳು

ರಾತ್ರಿ ಉಳಿದ ರೊಟ್ಟಿ ನಾಯಿಗೆ ಹಾಕುತ್ತಾ "ಅದಕ್ಕೇನು, ಕಲ್ಲು ತಿಂದರೂ ಅರಗುತ್ತೆ" ಅನ್ನೋದನ್ನ ನೀವೂ ಕೇಳಿರ್ತೀರಿ. ನಾನೂ ಹಾಗೇ ನಂಬಿದ್ದೆ, ಈ ಕಥೆ ಓದೋವರೆಗೂ.

ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ನಾಯಿಗಳಿಗೆ 'ಕಪ್ಪು ನಾಲಿಗೆ' ಅನ್ನೋ ಕಾಯಿಲೆ ಬರ್ತಿತ್ತು. ಬಾಯಿ ತುಂಬ ಹುಣ್ಣು, ಜೊಲ್ಲು, ರಕ್ತಭೇದಿ, ಕೊನೆಗೆ ಸಾವು. ಅಲ್ಲಿನ ಬಡವರಿಗೆ ಪೆಲಾಗ್ರ: ಚರ್ಮ ಸುಲಿಯೋದು, ಭೇದಿ, ಬುದ್ಧಿಭ್ರಮಣೆ. ಇಬ್ಬರ ಊಟವೂ ಹೆಚ್ಚುಕಡಿಮೆ ಒಂದೇ, ಮೆಕ್ಕೆಜೋಳ.

ಪೆಲಾಗ್ರ ಅಂಟುರೋಗ ಅಂತ ಬಹಳ ವೈದ್ಯರು ನಂಬಿದ್ದರು. 1914ರಲ್ಲಿ ಇದರ ತನಿಖೆಗೆ ಬಂದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ "ಅಲ್ಲ, ಊಟದ ಕೊರತೆ" ಅಂದರು. ಯಾರೂ ಒಪ್ಪದಿದ್ದಾಗ, 1916ರಲ್ಲಿ ರೋಗಿಯ ರಕ್ತವನ್ನು ತಮಗೇ ಚುಚ್ಚಿಸಿಕೊಂಡರು. ಏನೂ ಆಗಲಿಲ್ಲ!

ಆಮೇಲೆ ಅವರು ನಾಯಿಗಳತ್ತ ತಿರುಗಿದರು. ಮೆಕ್ಕೆಜೋಳದ ಸಪ್ಪೆ ಊಟವನ್ನ ನಾಯಿಗಳು ಮೂಸಿಯೂ ನೋಡದಿದ್ದಾಗ, ಹಸಿವಾಗಲಿ ಅಂತ ಸ್ವಲ್ಪ ಯೀಸ್ಟ್ ಬೆರೆಸಿದರು. ನಾಯಿಗಳು ತಿಂದವು, ಆದರೆ ಕಾಯಿಲೆ ಬೀಳಲೇ ಇಲ್ಲ. ಮದ್ದು ಸಿಕ್ಕಿದ್ದು ಹೀಗೆ! 1927ರ ಮಿಸಿಸಿಪಿ ಪ್ರವಾಹದಲ್ಲಿ ರೆಡ್ ಕ್ರಾಸ್ ಸಂತ್ರಸ್ತರಿಗೆ ಹಂಚಿದ್ದೂ ಯೀಸ್ಟನ್ನೇ. ಅದರಲ್ಲಿರೋ ಗುಣ ಯಾವುದು ಅಂತ ತಿಳಿಯೋ ಮೊದಲೇ, 1929ರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡರು. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹೆಮ್ ಕಪ್ಪು ನಾಲಿಗೆಯ ನಾಯಿಯನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು. ಅದೇ ನಯಾಸಿನ್. ಮೆಕ್ಕೆಜೋಳದಲ್ಲೂ ಅದು ಇದೆ, ಆದರೆ ಬಹುಪಾಲು ದೇಹಕ್ಕೆ ದಕ್ಕದ ರೂಪದಲ್ಲಿ.

ದೂರದ ಕಥೆ ಅಂದುಕೊಂಡ್ರಾ? ನಮ್ಮ ದಖ್ಖನಿನಲ್ಲೂ ಬರೀ ಬಿಳಿಜೋಳ ತಿಂದು ಬದುಕುವ ಬಡವರಿಗೆ ಪೆಲಾಗ್ರ ಬರ್ತಿತ್ತು. 1960ರ ದಶಕದಲ್ಲಿ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ನಾಯಿಮರಿಗಳಿಗೆ ಜೋಳದ ಊಟ ಹಾಕಿ ನೋಡಿದರು. ಅವಕ್ಕೂ ಕಪ್ಪು ನಾಲಿಗೆ ಬಂತು. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಾರಣ ಅನ್ನೋದು ಅವರ ವಾದ. ಆ ವಾದದ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆಯಾಗಿದೆ.

ಜೋಳದ ತಪ್ಪೇನಿಲ್ಲ ಬಿಡಿ. ಜೊತೆಗೆ ಬೇಳೆ, ಕಾಳುಪಲ್ಯ, ಮಜ್ಜಿಗೆ ಇದ್ದರೆ ಅದರಷ್ಟು ಒಳ್ಳೇ ಊಟ ಇನ್ನೊಂದಿಲ್ಲ. ತೊಂದರೆ ಇದ್ದದ್ದು 'ಬರೀ' ಅನ್ನೋದರಲ್ಲಿ, ಅಂದರೆ ಬಡತನದಲ್ಲಿ.

ಒಂದು ಮಾತ್ರ ಮನಸ್ಸಿನಿಂದ ಹೋಗ್ತಿಲ್ಲ. ಗೋಲ್ಡ್‌ಬರ್ಗರ್ ಸೂಜಿಗೆ ತಾವೇ ತೋಳು ಚಾಚಿದರು. ಆ ನಾಯಿಗಳನ್ನು ಯಾರೂ ಕೇಳಿರಲಿಲ್ಲ. ನಮ್ಮ ಊಟದ ಪಾಠವನ್ನ ಅವು ಹೊಟ್ಟೆ ಕೆಡಿಸಿಕೊಂಡು ಕಲಿಸಿದವು.

ಈಗ ರೊಟ್ಟಿ ಜೊತೆ ಒಂದು ಬೇಯಿಸಿದ ಮೊಟ್ಟೆಯನ್ನೂ ಹಾಕ್ತೀನಿ. ಋಣ ತೀರಲ್ಲ, ಆದರೂ... ನಿಮ್ಮ ಮನೆ ನಾಯಿ ಏನು ತಿನ್ನುತ್ತೆ?