ತಾಮ್ರದ ತೂಕಕ್ಕೆ ಹೋಗುವ ಇತಿಹಾಸ: ಮಿಲಿಟರಿ ಗಾಡಿಯ ವೈರ್‌ಲೆಸ್ ಕೇಬಲ್ ಗುರುತಿಸುವುದು ಹೇಗೆ?

ಅಣ್ಣಿಗೇರಿಯ ಒಂದು ಗುಜರಿ ಅಂಗಡಿ. ಹಳೆ ಪಂಪ್‌ಸೆಟ್ಟಿನ ವೈರುಗಳ ರಾಶಿಯಲ್ಲಿ ಒಂದು ದಪ್ಪ ಕರಿ ರಬ್ಬರ್ ಕೇಬಲ್ ಬಿದ್ದಿತ್ತು. ಒಂದು ತುದಿಗೆ ಲೋಹದ ದುಂಡನೆಯ ಪ್ಲಗ್ಗು, ಅದರೊಳಗೆ 12 ಪಿನ್ನು. ಇನ್ನೊಂದು ತುದಿಯನ್ನು ಆಗಲೇ ಕತ್ತರಿಸಿದ್ದರು.

“ಇದರಾಗ ಏನ್ ಐತ್ರಿ ಸರ? ಸುಟ್ಟರ ತಾಮ್ರ ಬರತೈತಿ, ಅಷ್ಟ” ಎಂದರು ಅಂಗಡಿಯವರು.

ಅವರ ಲೆಕ್ಕ ತಪ್ಪಲ್ಲ. ಆದರೆ ಅದೊಂದೇ ಲೆಕ್ಕವೂ ಅಲ್ಲ. ಆ ಕೇಬಲ್ಲನ್ನು ತೂಕದ ದರಕ್ಕೇ ಕೊಂಡು, ಕುಂದಗೋಳ ಕಡೆಯ ಒಬ್ಬ ನಿವೃತ್ತ ಸೈನಿಕರಿಗೆ ತೋರಿಸಿದೆ. ಅವರು ಪ್ಲಗ್ಗನ್ನು ಪಂಚೆಯ ತುದಿಯಿಂದ ಒರೆಸಿ ನೋಡಿದರು. “ಗಾಡಿ ವೈರ್‌ಲೆಸ್‌ದು ಇದು ತಮ್ಮಾ. ಸೆಟ್ ಕೆಡೂದು ಕಡಿಮಿ, ಮೊದಲ ವೈರ್ ಕೆಡತಿತ್ತು. ಪಟ್ಟಿ ಎಲ್ಲೈತಿ?” ಎಂದು ಕೇಳಿದರು. ಹೆಸರು, ನಂಬರು ಇರುವ ಪಟ್ಟಿ ಕತ್ತರಿಸಿದ ತುದಿಯ ಜೊತೆಗೇ ಹೋಗಿತ್ತು. ಅದು ಯಾವ ಸೆಟ್ಟಿನದು, ಯಾವ ಕಾಲದ್ದು ಎಂದು ಖಚಿತವಾಗಿ ಹೇಳುವ ದಾರಿಯೂ ಅಲ್ಲಿಗೆ ಮುಗಿಯಿತು.

ಊರಿಗೆ ಬಂದದ್ದು ಹೇಗೆ?

ಸೈನ್ಯ ಹಳೆಯ ಜೀಪು, ಟ್ರಕ್ಕುಗಳನ್ನು ಹರಾಜು ಹಾಕುತ್ತದೆ. ವೈರ್‌ಲೆಸ್ ಸೆಟ್ಟನ್ನು ಮೊದಲೇ ಬಿಚ್ಚಿಕೊಂಡರೂ ಬಾಡಿಗೆ ಬಿಗಿದ ಏರಿಯಲ್ ಬುಡ, ಬ್ರಾಕೆಟ್ಟು, ಜಂಕ್ಷನ್ ಡಬ್ಬಿ, ಕೇಬಲ್ಲುಗಳು ಕೆಲವೊಮ್ಮೆ ಗಾಡಿಯಲ್ಲೇ ಉಳಿಯುತ್ತವೆ. ‘ಡಿಸ್ಪೋಸಲ್ ಜೀಪು’ ಕೊಂಡವರು ಅವನ್ನು ಕಿತ್ತು ಮೂಲೆಗೆ ಎಸೆಯುತ್ತಾರೆ. ಕೊನೆಗೆ ಗುಜರಿ.

ನಮ್ಮ ಹಿರಿಯರಿಗೆ ರೇಡಿಯೋ ಎಂದರೆ 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ. ಕೇಳುವುದಷ್ಟೇ ಅದರ ಕೆಲಸ. ಮಿಲಿಟರಿ ಗಾಡಿಯ ರೇಡಿಯೋ ಮಾತನಾಡುವ ರೇಡಿಯೋ. ಅದಕ್ಕೆ ಬ್ಯಾಟರಿ, ಏರಿಯಲ್, ಮೈಕು, ಹೆಡ್‌ಫೋನು, ಒಳಮಾತಿನ ಡಬ್ಬಿ ಎಲ್ಲವೂ ಬೇಕು. ಇವನ್ನೆಲ್ಲ ಕೂಡಿಸುವುದು ಕೇಬಲ್.

ಇದಕ್ಕೆ ಒಳ್ಳೆಯ ಉದಾಹರಣೆ ಎರಡನೇ ಮಹಾಯುದ್ಧದ ‘ವೈರ್‌ಲೆಸ್ ಸೆಟ್ ನಂಬರ್ 19’. ಬ್ರಿಟನ್ನಿನಲ್ಲಿ ಟ್ಯಾಂಕುಗಳಿಗಾಗಿ ರೂಪಿಸಿದ್ದು. ಒಂದೇ ಪೆಟ್ಟಿಗೆಯಲ್ಲಿ ಮೂರು ಕೆಲಸ: 2ರಿಂದ 8 ಮೆಗಾಹರ್ಟ್ಸ್‌ನಲ್ಲಿ ದೂರದ ಮಾತು, ಪಕ್ಕದ ಟ್ಯಾಂಕಿನ ಜೊತೆ ಹತ್ತಿರದ ಮಾತು, ಟ್ಯಾಂಕಿನೊಳಗಿನವರ ನಡುವಿನ ಮಾತು. ಇದರ ಹೆಡ್‌ಫೋನ್ ವೈರಿನ ನಡುವೆ ‘ಸ್ನ್ಯಾಚ್ ಪ್ಲಗ್’ ಇತ್ತು. ಜೋರಾಗಿ ಜಗ್ಗಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಟ್ಯಾಂಕಿಗೆ ಬೆಂಕಿ ಬಿದ್ದಾಗ ಸೈನಿಕ ಕಿವಿಯ ವೈರು ಬಿಚ್ಚುತ್ತ ಕೂರಬಾರದು, ಎದ್ದು ಹಾರಬೇಕು. ಗುಜರಿಯಲ್ಲಿ ಅದು ಬರೀ ತುಂಡು ವೈರು.

ಗುರುತು ಓದುವುದು

ಮೊದಲು ತುದಿಗಳನ್ನು ನೋಡಿ, ಆಮೇಲೆ ಪಟ್ಟಿ. ಕಾಗೆಯ ಹೆಜ್ಜೆಯಂಥ ಮೂರು ಗೆರೆಯ ಬಾಣವಿದ್ದರೆ ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಗುರುತು. ಅದೇ ಬಾಣ ಇಂಗ್ಲಿಷಿನ ‘ಸಿ’ ಅಕ್ಷರದೊಳಗಿದ್ದರೆ ಕೆನಡಾದ್ದು. ಕೆನಡಾದಲ್ಲಿ ತಯಾರಾದ ಹಲವು 19 ನಂಬರಿನ ಸೆಟ್ಟುಗಳ ಮುಖದ ಮೇಲೆ ಇಂಗ್ಲಿಷಿನ ಜೊತೆ ರಷ್ಯನ್ ಅಕ್ಷರಗಳೂ ಇವೆ, ಸೋವಿಯತ್ ಸೇನೆಗೂ ಅವನ್ನು ಕಳಿಸುತ್ತಿದ್ದರು. ಬ್ರಿಟಿಷ್ ಸಿಗ್ನಲ್ ಸಾಮಾನಿನ ನಂಬರು ‘ಝಡ್‌ಎ’ ಎಂದು ಶುರುವಾಗುತ್ತದೆ.

ಅಮೆರಿಕದ ಯುದ್ಧಕಾಲದ ಸಾಮಾನಿನಲ್ಲಿ ‘ಸಿಡಿ’ ಎಂದರೆ ವೈರು, ‘ಪಿಎಲ್’ ಪ್ಲಗ್ಗು, ‘ಎಚ್‌ಎಸ್’ ಹೆಡ್‌ಫೋನು, ‘ಎಂಪಿ’ ಏರಿಯಲ್ ಬುಡ, ‘ಎಂಎಸ್’ ಏರಿಯಲ್ ಕೋಲಿನ ತುಂಡು. ಎಂಪಿ-48 ಬುಡ ಸಿಕ್ಕರೆ ಅದಕ್ಕೆ ಕೂಡುವ ಎಂಎಸ್-116, 117, 118 ಕೋಲುಗಳನ್ನೂ ಅದೇ ರಾಶಿಯಲ್ಲಿ ಹುಡುಕಿ.

ಇತ್ತೀಚಿನ ವಿದೇಶಿ ಸಾಮಾನಿನ ಮೇಲೆ 13 ಅಂಕಿಯ ನಂಬರು ಇರುತ್ತದೆ. ಮೊದಲ ನಾಲ್ಕು ಅಂಕಿ 5995 ಇದ್ದರೆ ಸಂಪರ್ಕ ಉಪಕರಣದ ಕೇಬಲ್, 5985 ಏರಿಯಲ್, 5965 ಹೆಡ್‌ಫೋನು-ಮೈಕು. ಐದು, ಆರನೆಯ ಅಂಕಿಗಳು ದೇಶವನ್ನು ಹೇಳುತ್ತವೆ. 99 ಎಂದರೆ ಬ್ರಿಟನ್.

‘ಬಿಇಎಲ್’ ಎಂದಿದ್ದರೆ ಅದು ನಮ್ಮದೇ ರಾಜ್ಯದ ಕಥೆ. 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಸೈನ್ಯ ಹೊರದೇಶದ ಸೆಟ್ಟುಗಳಿಗೆ ಕೈಚಾಚುವುದನ್ನು ತಗ್ಗಿಸಲೆಂದೇ ಹುಟ್ಟಿದ್ದು.

ಬೆಲೆ ಎಲ್ಲಿದೆ?

ತಾಮ್ರವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸಂಗ್ರಹಕಾರರು, ಹಳೆ ಜೀಪನ್ನು ಮೊದಲಿನಂತೆ ಮಾಡುವವರು ಕೇಬಲ್ಲನ್ನು ನಗದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಎರಡೂ ಪ್ಲಗ್ಗು ಇರಬೇಕು, ಪಟ್ಟಿ ಓದಲು ಬರಬೇಕು, ರಬ್ಬರ್ ಬಿರಿದಿರಬಾರದು, ಪಿನ್ನು ಬಾಗಿರಬಾರದು. ಒಂದು ತುದಿ ಕತ್ತರಿಸಿದರೆ ಅದು ಮತ್ತೆ ತಾಮ್ರವೇ. ಪಟ್ಟಿಯನ್ನು ಮರಳು ಕಾಗದದಿಂದ ತಿಕ್ಕಬೇಡಿ, ಒಣ ಬಟ್ಟೆ ಸಾಕು. ಕೇಬಲ್ಲನ್ನು ಬಿಗಿಯಾಗಿ ಮಡಚಬೇಡಿ, ಸಡಿಲವಾಗಿ ಸುತ್ತಿಡಿ. ಕರೆಂಟು ಕೊಟ್ಟು ಪರೀಕ್ಷಿಸುವ ಸಾಹಸವಂತೂ ಬೇಡ. ಮೀಟರಿನಲ್ಲಿ ಒಂದೊಂದೇ ತಂತಿ ನೋಡಿದರೆ ಆಯಿತು.

ಒಂದು ಎಚ್ಚರ. ಕೇಬಲ್ಲಿನ ಜೊತೆ ಮಾತನಾಡುವ ಸೆಟ್ಟೇ ಸಿಕ್ಕರೆ ಮಾರಲು ಹೊರಡುವ ಮೊದಲು ಕಾನೂನು ವಿಚಾರಿಸಿ. 1933ರ ವೈರ್‌ಲೆಸ್ ಕಾಯ್ದೆ ಪರವಾನಗಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತ್ತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಶಾಸನದ ಕಲ್ಲನ್ನು ಯಾರೂ ಜಲ್ಲಿ ಲೆಕ್ಕದಲ್ಲಿ ತೂಗುವುದಿಲ್ಲ. ಅಕ್ಷರ ಇರುವುದರಿಂದ ಅದಕ್ಕೆ ಬೆಲೆ. ಕೇಬಲ್ಲಿನ ಪಟ್ಟಿಯೂ ಅಂಥ ಒಂದೂವರೆ ಸಾಲಿನ ಬರಹ. ನಿಮ್ಮ ಮನೆಯಲ್ಲೋ ಪಕ್ಕದ ಗುಜರಿಯಲ್ಲೋ ಇಂಥದ್ದು ಕಂಡರೆ, ಸುಡುವ ಮೊದಲು ಪಟ್ಟಿಯ ಫೋಟೋ ತೆಗೆಯಿರಿ. ಅದನ್ನು ತಂದವರು ಯಾರು, ಯಾವ ಗಾಡಿಯದು, ಯಾವ ವರ್ಷ ಎಂದು ಚೀಟಿ ಬರೆದು ಕಟ್ಟಿ. ಮನೆಯಲ್ಲಿ ನಿವೃತ್ತ ಸೈನಿಕರಿದ್ದರೆ ಅವರ ಕೈಗೆ ಕೊಟ್ಟು ಕೇಳಿ.

ನಾನು ತಂದ ಕೇಬಲ್ಲಿಗೂ ಒಂದು ಚೀಟಿ ಕಟ್ಟಿದ್ದೇನೆ. ಅದರಲ್ಲಿ ಬರೆಯಲು ಸಿಕ್ಕದ್ದು ಇಷ್ಟೇ: ‘12 ಪಿನ್ನು, ಅಣ್ಣಿಗೇರಿ ಗುಜರಿ, ಪಟ್ಟಿ ಇಲ್ಲ.’