ಪದ ಪರಿಚಯ: ಗಂಡಸು

ಗಂಡಸು (ನಾಮಪದ)

‘ಗಂಡಸಾಗಿ ಅಳ್ತೀಯಾ?’, ‘ಗಂಡಸರಿಗೆ ಒಲೆ ಮುಂದೆ ಏನು ಕೆಲಸ?’ ಇಂಥ ಮಾತು ಇಂದಿಗೂ ಕಿವಿಗೆ ಬೀಳುತ್ತದೆ.

ಪದದ ಬೇರು ‘ಗಂಡು’. ಹಳಗನ್ನಡದಲ್ಲಿ ಅದಕ್ಕೆ ಬಲ, ಶೌರ್ಯ ಎಂಬ ಅರ್ಥವಿತ್ತು. ‘ಗಂಡ’ ಎಂದರೆ ವೀರ. ಇಂದು ಪತಿ ಎಂಬ ಅರ್ಥವೇ ಬಳಕೆಯಲ್ಲಿದೆ. ವಿಜಯನಗರದ ಅರಸರ ‘ಭಾಷೆಗೆ ತಪ್ಪುವ ರಾಯರ ಗಂಡ’ ಬಿರುದಿನಲ್ಲಿ ‘ಗಂಡ’ ಎಂದರೆ ಮಾತಿಗೆ ತಪ್ಪಿದ ಅರಸರನ್ನು ಮಣಿಸುವವನು. ‘ಗಂಡೆದೆ’, ‘ಗಂಡುಗಲಿ’ಗಳಲ್ಲಿ ಹಳೆಯ ಅರ್ಥ ಉಳಿದಿದೆ. ತೆಲುಗಿನ ‘ಗಂಡು’, ತುಳುವಿನ ‘ಕಂಡನಿ’ ಇದರ ನಂಟರು.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಶಾಸನ ಕಾದಿ ಮಡಿದ ಕಿತ್ತಯ್ಯನ ವೀರಗಲ್ಲು. ಅಂದಿನ ಗಂಡಸುತನದ ಅಳತೆ ಅದು.

ಇಂದು ಕಲಬುರಗಿ, ರಾಯಚೂರಿನಿಂದ ಬಂದು ಯಶವಂತಪುರದಲ್ಲಿ ರೈಲಿಳಿಯುವ ಹುಡುಗರು ಕಟ್ಟಡ ಕೆಲಸ ಮುಗಿಸಿ, ಶೆಡ್ಡಿನಲ್ಲಿ ತಾವೇ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಾರೆ. ಯಲಹಂಕದಲ್ಲಿ ಹೆಂಡತಿಗೆ ರಾತ್ರಿ ಪಾಳಿಯಿದ್ದರೆ, ಬೆಳಿಗ್ಗೆ ಮಗಳಿಗೆ ಜಡೆ ಹೆಣೆದು ಶಾಲೆಗೆ ಕಳಿಸುವವನು ಗಂಡ. ವಲಸೆ ಕಲಿಸಿದ ಈ ಆರೈಕೆಯೂ ಗಂಡಸುತನವೇ. ಅದನ್ನು ಹಂಗಿಸುವ ಮಾತನ್ನು ನಾವು ಬಿಡಬೇಕು.